ಬಾಗಿಲ ಫಲಕವೂ ಸೊಂಟದ ಪಿಸ್ತೂಲೂ

ಉಕ್ಕಡಂ ಬಸ್ ನಿಲ್ದಾಣದಿಂದ ಟೌನ್ ಹಾಲ್ ಕಡೆಗೆ ನಡೆದುಹೋಗುವ ಶಾಲಾ ಮಗುವೊಂದು ದಾರಿಯುದ್ದಕ್ಕೂ ನಿಷೇಧದ ಫಲಕಗಳನ್ನೇ ಓದಿಕೊಂಡು ಹೋಗಬಹುದು. ಬ್ಯಾಂಕಿನ ಬಾಗಿಲಲ್ಲಿ ಹೆಲ್ಮೆಟ್ ತೆಗೆಯಬೇಕು. ಗುಡಿಯ ಬಾಗಿಲಲ್ಲಿ ಮೊಬೈಲ್ ಕೂಡದು. ಚಿತ್ರಮಂದಿರದಲ್ಲಿ ಹೊರಗಿನ ತಿಂಡಿ ಕೂಡದು. ಮನೆಯ ಗೇಟಿನ ಮುಂದೆ ವಾಹನ ನಿಲ್ಲಿಸಿದರೆ ಚಕ್ರದ ಗಾಳಿ ಬಿಡಲಾಗುವುದು. ಇವುಗಳಲ್ಲಿ ಯಾವುದಕ್ಕೆ ಕಾನೂನಿನ ಬಲವಿದೆ, ಯಾವುದು ಬರಿಯ ಗದರಿಕೆ ಎಂದು ಆ ಮಗು ಕೇಳಿದರೆ, ಜೊತೆಗಿರುವ ಹಿರಿಯರು ಸ್ವಲ್ಪ ತಡವರಿಸುವುದುಂಟು. ಗಾಳಿ ಬಿಡುವ ಫಲಕದ ಸಂಗತಿ ಸುಲಭ. ಗೇಟು ಮನೆಯವರದಾದರೂ ಮುಂದಿನ ರಸ್ತೆ ಊರಿನದು. ಗಾಳಿ ಬಿಟ್ಟವನೇ ನಷ್ಟ ತುಂಬಿಕೊಡಬೇಕಾಗಿ ಬರಬಹುದು.

ಈ ಸಾಲಿನಲ್ಲಿ ಅಪರೂಪಕ್ಕೊಮ್ಮೆ ಕಾಣುವ ಇನ್ನೊಂದು ಫಲಕವಿದೆ. ದೊಡ್ಡ ಹೋಟೆಲುಗಳಲ್ಲಿ, ಮಾಲ್‌ಗಳಲ್ಲಿ, ಒಂದೆರಡು ಕಲ್ಯಾಣ ಮಂಟಪಗಳಲ್ಲಿ ‘ಆಯುಧಗಳೊಡನೆ ಪ್ರವೇಶವಿಲ್ಲ’ ಎಂದು ಬರೆದಿರುತ್ತದೆ. ಬಹುತೇಕ ಕುಟುಂಬಗಳಿಗೆ ಇದು ತಮ್ಮದಲ್ಲದ ಮಾತು. ಸಾಧಾರಣ ಮನೆಯವರು ಹತ್ತಿರದಿಂದ ನೋಡಿರುವ ಬಂದೂಕೆಂದರೆ ಬ್ಯಾಂಕಿನ ಕಾವಲುಗಾರನ ಜೋಡಿನಳಿಗೆಯದೊಂದೇ. ಆದರೂ ಮದುವೆಯ ಮನೆಗೆ ಬರುವ ನೂರಾರು ನೆಂಟರಲ್ಲಿ ಒಬ್ಬರ ಸೊಂಟದಲ್ಲಿ ಪರವಾನಗಿಯುಳ್ಳ ಪಿಸ್ತೂಲೊಂದು ಇರಬಹುದು: ವ್ಯಾಪಾರದ ಹಣ ಸಾಗಿಸುವವರು, ತೋಟದ ಮಾಲೀಕರು, ರಾಜಕೀಯದವರು. ಅಂಥವರನ್ನು ಆ ಫಲಕ ತಡೆಯಬಲ್ಲದೇ? ತಡೆದ ಮೇಲೂ ಒಳಗೆ ಬಂದರೆ ಅದು ಅಪರಾಧವೇ? ಮಕ್ಕಳು ಓಡಾಡುವ ಚಪ್ಪರದ ಕೆಳಗೆ ಏಳುವ ಈ ಪ್ರಶ್ನೆಯನ್ನು ಯಾರಾದರೂ ಒಮ್ಮೆ ಸರಿಯಾಗಿ ಬಿಡಿಸಿ ನೋಡಬೇಕು.

ಮೊದಲಿಗೆ ಒಂದು ಭ್ರಮೆಯನ್ನು ಕಳಚಬೇಕು. ಪರವಾನಗಿಯಿಲ್ಲದ ಪಿಸ್ತೂಲಿಗೂ ಈ ಫಲಕಕ್ಕೂ ಯಾವ ಸಂಬಂಧವೂ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 3ನೆಯ ಕಲಮಿನಂತೆ ಪರವಾನಗಿಯಿಲ್ಲದೆ ಬಂದೂಕು ಇರಿಸಿಕೊಳ್ಳುವುದೇ ಅಪರಾಧ. ಅದು ಮನೆಯೊಳಗಿದ್ದರೂ ಬೀದಿಯಲ್ಲಿದ್ದರೂ ಒಂದೇ. 2019ರ ತಿದ್ದುಪಡಿಯ ಬಳಿಕ ಅದಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸವಿದೆ. ಅಂಥವನಿಗೆ ಮಂಟಪದ ಫಲಕ ಹೇಳಬೇಕಾದದ್ದು ಏನೂ ಉಳಿದಿಲ್ಲ. ಫಲಕ ಮಾತನಾಡುವುದು ಕಾಗದಪತ್ರ ಸರಿಯಾಗಿರುವ ಸಂಭಾವಿತನೊಡನೆ. ಇಕ್ಕಟ್ಟಿರುವುದೂ ಅಲ್ಲಿಯೇ, ಏಕೆಂದರೆ ಆತ ಜೇಬಿನಿಂದ ಪರವಾನಗಿಯ ಪುಸ್ತಕ ತೆಗೆದು ‘ಸರ್ಕಾರವೇ ಕೊಟ್ಟಿದೆ, ನೀವು ಯಾರು ಬೇಡವೆನ್ನಲು?’ ಎಂದು ಕೇಳುತ್ತಾನೆ.

ಇನ್ನೊಂದು ವಿಚಿತ್ರವೂ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 32ನೆಯದು, ಸಾರ್ವಜನಿಕ ಸ್ಥಳದಲ್ಲಿ ಒಯ್ಯುವ ಬಂದೂಕು ಪೂರ್ಣವಾಗಿ ಮುಚ್ಚಿರಬೇಕು ಎನ್ನುತ್ತದೆ. ಪಿಸ್ತೂಲಾದರೆ ಮೈಗೆ ಕಟ್ಟಿದ ಚರ್ಮದ ಒರೆಯಲ್ಲೋ ಚೀಲದಲ್ಲೋ ಇರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಹೊರತೆಗೆದು ಝಳಪಿಸಿದರೆ ಪರವಾನಗಿಗೇ ಕುತ್ತು. ಅಮೆರಿಕದಲ್ಲಿ ಮರೆಮಾಡಿದ ಬಂದೂಕನ್ನೂ ಕಾಣುವಂತೆ ತೊಟ್ಟ ಬಂದೂಕನ್ನೂ ಕಾನೂನು ಬೇರೆಬೇರೆಯಾಗಿ ನೋಡುವುದುಂಟು. ಇಲ್ಲಿಯ ಕಾನೂನಾದರೋ ಮುಚ್ಚಿಯೇ ಒಯ್ಯಬೇಕೆಂದು ವಿಧಿಸಿದೆ. ಆದುದರಿಂದ ನಿಯಮ ಪಾಲಿಸುವವನ ಪಿಸ್ತೂಲು ಬಾಗಿಲಲ್ಲಿ ನಿಂತ ಯಾರ ಕಣ್ಣಿಗೂ ಬೀಳದು. ಅದು ಇದೆಯೆಂದು ಅರಿತವನು ಆತನೊಬ್ಬನೇ. ಅಂದಮೇಲೆ ಫಲಕ ಹೇಳಬೇಕಾದುದನ್ನು ಆತನಿಗೇ ಹೇಳಬೇಕು, ಆತ ಓದಬೇಕು, ಓದಿ ಅರ್ಥಮಾಡಿಕೊಳ್ಳಬೇಕು.

ಶಾಲೆಯ ವಿಷಯವನ್ನು ಇಲ್ಲೇ ಮುಗಿಸಬಹುದು. ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವವರಿಗೆ ಇದು ನೆಮ್ಮದಿಯ ಮಾತು. ಬಂದೂಕಿನ ಪರವಾನಗಿಯ ಷರತ್ತುಗಳಲ್ಲೇ, ಅಧಿಕಾರಿಯ ವಿಶೇಷ ಅಪ್ಪಣೆಯಿಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಇತರ ಸಾರ್ವಜನಿಕ ಕೂಟಕ್ಕೆ, ಅಥವಾ ಯಾವುದೇ ವಿದ್ಯಾಸಂಸ್ಥೆಯ ಆವರಣದೊಳಕ್ಕೆ ಆಯುಧ ಒಯ್ಯಕೂಡದೆಂದು ಬರೆದಿದೆ. ಶಾಲೆ ಫಲಕ ಹಾಕಿದರೂ ಹಾಕದಿದ್ದರೂ, ವಾರ್ಷಿಕೋತ್ಸವಕ್ಕೆ ಬರುವ ಅತಿಥಿ ಎಷ್ಟೇ ದೊಡ್ಡವರಾಗಿದ್ದರೂ, ಈ ಷರತ್ತು ಪರವಾನಗಿಯ ಜೊತೆಗೇ ಬಂದಿರುತ್ತದೆ. ಮುರಿದರೆ 30ನೆಯ ಕಲಮಿನಂತೆ ಆರು ತಿಂಗಳವರೆಗಿನ ಸೆರೆ ಅಥವಾ 2,000 ರೂಪಾಯಿಯವರೆಗಿನ ದಂಡ, ಇಲ್ಲವೆ ಎರಡೂ. 17ನೆಯ ಕಲಮಿನಂತೆ ಪರವಾನಗಿಯನ್ನು ಅಮಾನತಿನಲ್ಲಿಡಬಹುದು, ರದ್ದು ಮಾಡಲೂಬಹುದು. ಹೆಡ್ಮಾಸ್ತರರು ಹೊಸ ನಿಯಮವನ್ನೇನೂ ಮಾಡಬೇಕಾಗಿಲ್ಲ, ಇದ್ದ ನಿಯಮವನ್ನು ನೆನಪಿಸಿದರೆ ಸಾಕು.

ಕಲ್ಯಾಣ ಮಂಟಪದಲ್ಲಿ ದಾರಿ ಇಷ್ಟು ನೇರವಲ್ಲ. ಮದುವೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸುವುದನ್ನು 2019ರ ತಿದ್ದುಪಡಿ ಸ್ಪಷ್ಟವಾಗಿ ಹೆಸರಿಸಿ ಅಪರಾಧವಾಗಿಸಿತು. ಪ್ರಾಣಕ್ಕೆ ಅಪಾಯವಾಗುವಂತೆ ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಉತ್ತರ ಭಾರತದ ಮದುವೆಗಳಿಂದ ಬಂದ ಸಾವಿನ ಸುದ್ದಿಗಳೇ ಆ ತಿದ್ದುಪಡಿಯ ಹಿಂದಿದ್ದವು. ಆದರೆ ಹಾರಿಸದೆ, ಸುಮ್ಮನೆ ಸೊಂಟದಲ್ಲಿಟ್ಟುಕೊಂಡು ಬಂದು ಊಟದ ಪಂಕ್ತಿಯಲ್ಲಿ ಕುಳಿತರೆ? ಆಮಂತ್ರಣವಿದ್ದವರಷ್ಟೇ ಬರುವ ಮದುವೆಯನ್ನು ‘ಸಾರ್ವಜನಿಕ ಕೂಟ’ ಎನ್ನಬಹುದೇ ಎಂಬುದರಲ್ಲಿ ವಾದಕ್ಕೆ ಎಡೆಯಿದೆ. ಬಟ್ಟೆ ಅಂಗಡಿ, ಆಸ್ಪತ್ರೆ, ಅಪಾರ್ಟ್‌ಮೆಂಟ್, ಲಾಡ್ಜ್ ಇವೆಲ್ಲ ಇಂಥ ನಡುಮಧ್ಯದ ಜಾಗಗಳೇ. ಪರವಾನಗಿಯ ಷರತ್ತು ಖಚಿತವಾಗಿ ಕೈಚಾಚದ ಇಂಥ ಕಡೆ ಫಲಕಕ್ಕೆ ನಿಜವಾದ ಕೆಲಸ ಬೀಳುತ್ತದೆ.

ಆ ಕೆಲಸಕ್ಕೆ ಬಲ ಬರುವುದು ಬಂದೂಕಿನ ಕಾಯಿದೆಯಿಂದಲ್ಲ, ಅದಕ್ಕಿಂತ ಬಹಳ ಹಳೆಯದಾದ ಜಮೀನಿನ ಕಾಯಿದೆಯೊಂದರಿಂದ. 1882ರ ಈಸ್‌ಮೆಂಟ್ ಕಾಯಿದೆ ಮೊದಲಿಗೆ ಜಾರಿಗೆ ಬಂದದ್ದು ಮೂರು ಸೀಮೆಗಳಲ್ಲಿ: ಮದರಾಸು ಪ್ರಾಂತ, ಮಧ್ಯ ಪ್ರಾಂತ, ಕೊಡಗು. ಕೊಯಮತ್ತೂರು ಅಂದಿನಿಂದಲೂ ಅದರ ಆಳ್ವಿಕೆಯಲ್ಲಿದೆ. ಒಬ್ಬನ ಸ್ಥಳದಲ್ಲಿ ಇನ್ನೊಬ್ಬನು ಏನನ್ನಾದರೂ ಮಾಡಲು ಒಡೆಯನು ಕೊಡುವ ಅನುಮತಿಯನ್ನು ಆ ಕಾಯಿದೆಯ 52ನೆಯ ಕಲಮು ‘ಲೈಸೆನ್ಸ್’ ಎಂದೇ ಕರೆಯುತ್ತದೆ. ಸಾಮಾನ್ಯವಾಗಿ ಆ ಅನುಮತಿಯನ್ನು ಒಡೆಯನು ಹಿಂತೆಗೆದುಕೊಳ್ಳಬಹುದೆಂದು 60ನೆಯ ಕಲಮು ಹೇಳುತ್ತದೆ. ಹೀಗೆ ಮಂಟಪದ ಬಾಗಿಲಲ್ಲಿ ಎರಡು ಲೈಸೆನ್ಸುಗಳು ಎದುರುಬದುರಾಗುತ್ತವೆ. ಅಧಿಕಾರಿ ಕೊಟ್ಟದ್ದು ಆಯುಧವನ್ನು ಇಟ್ಟುಕೊಳ್ಳಲು; ಮನೆಯೊಡೆಯ ಕೊಡುವುದು ಹೊಸಿಲು ದಾಟಲು. ಮೊದಲನೆಯದರ ಹೊಟ್ಟೆಯಲ್ಲಿ ಎರಡನೆಯದು ಅಡಗಿಲ್ಲ. ಡ್ರೈವಿಂಗ್ ಲೈಸೆನ್ಸ್ ಇದೆಯೆಂದು ಯಾರೂ ಪಕ್ಕದ ಮನೆಯ ಅಂಗಳದೊಳಕ್ಕೆ ಕಾರು ನುಗ್ಗಿಸುವುದಿಲ್ಲವಷ್ಟೆ.

ಒಡೆಯನು ಇಂಥ ಷರತ್ತು ಹಾಕಬಹುದೆಂಬುದಕ್ಕೆ ಈಚಿನ ನಿದರ್ಶನ ಬಂದೂಕಿನದಲ್ಲ, ತಿಂಡಿಯದು. ಚಿತ್ರಮಂದಿರಗಳು ಹೊರಗಿನ ತಿಂಡಿಯನ್ನು ತಡೆಯಕೂಡದೆಂದು ಜಮ್ಮು-ಕಾಶ್ಮೀರ ಹೈಕೋರ್ಟು 2018ರಲ್ಲಿ ಆದೇಶಿಸಿತ್ತು. 2023ರ ಜನವರಿ 3ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಚಿತ್ರಮಂದಿರ ಖಾಸಗಿ ಸ್ವತ್ತು, ಸಾರ್ವಜನಿಕ ಹಿತಕ್ಕೂ ಸುರಕ್ಷತೆಗೂ ವಿರುದ್ಧವಲ್ಲದ ಪ್ರವೇಶದ ಷರತ್ತುಗಳನ್ನು ಮಾಲೀಕ ಹಾಕಬಹುದು ಎಂದಿತು. ಕುಡಿಯುವ ನೀರು ಉಚಿತವಾಗಿರಬೇಕು, ಕೂಸಿಗೆ ತಂದ ಆಹಾರವನ್ನು ತಡೆಯಕೂಡದು ಎಂಬ ಎರಡು ಮಾತನ್ನೂ ಉಳಿಸಿತು. ವಿಚಾರಣೆಯಲ್ಲಿ ಮುಖ್ಯ ನ್ಯಾಯಮೂರ್ತಿಗಳು, ಯಾರಾದರೂ ಜಿಲೇಬಿ ತಂದು ಕೈಯನ್ನು ಕುರ್ಚಿಗೆ ಒರಸಿದರೆ ಗತಿಯೇನು ಎಂದು ಕೇಳಿದರಂತೆ. ಜಿಲೇಬಿಯನ್ನೇ ತಡೆಯಬಲ್ಲ ಬಾಗಿಲು ಪಿಸ್ತೂಲನ್ನು ತಡೆಯಲಾರದೆಂದು ವಾದಿಸುವುದು ಕಷ್ಟ. ಅದೇ ವರ್ಷ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಕೆ. ಎಂ. ಜೋಸೆಫ್ ಮತ್ತು ಕರ್ನಾಟಕ ಮೂಲದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರ ಪೀಠವು, ಅಮೆರಿಕದಲ್ಲಿರುವಂತೆ ಆಯುಧ ಹೊಂದುವ ಮೂಲಭೂತ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲವೆಂದು ನೆನಪಿಸಿತ್ತು. ಆದ್ದರಿಂದ ಒಡೆಯನ ಷರತ್ತಿನ ಎದುರು ತೂಕಕ್ಕಿಡಲು ಬಂದೂಕುದಾರನ ಕೈಯಲ್ಲಿ ಸಮನಾದ ಹಕ್ಕೊಂದಿಲ್ಲ.

ಕೊಡಗಿನವರ ಸಂಗತಿಯನ್ನು ಓದುಗರು ಖಂಡಿತ ಕೇಳುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕಾಯಿದೆಯ 41ನೆಯ ಕಲಮಿನಡಿ ಕೋವಿಯ ಪರವಾನಗಿಯಿಂದ ವಿನಾಯಿತಿಯಿದೆ; ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ಎತ್ತಿಹಿಡಿಯಿತು. ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ನಾಡಿನ ಗೌರವ ಅದು. ಆದರೆ ಆ ವಿನಾಯಿತಿ ಸರ್ಕಾರದ ಪರವಾನಗಿಯಿಂದ ಸಿಕ್ಕಿದ್ದು, ಇನ್ನೊಬ್ಬರ ಮನೆಯ ಒಡೆಯನ ಮಾತಿನಿಂದ ಸಿಕ್ಕಿದ್ದಲ್ಲ. ಪರವಾನಗಿಯ ಪುಸ್ತಕವೇ ಬೇಡವಾದವನಿಗೆ ಪುಸ್ತಕದ ಷರತ್ತನ್ನು ತೋರಿಸಿ ವಾದ ಮಾಡುವುದಕ್ಕಿಂತ ಒಡೆಯನ ಮಾತೇ ಹತ್ತಿರದ ದಾರಿ.

ಇಷ್ಟಾದ ಮೇಲೂ, ಫಲಕವನ್ನು ಕಂಡೂ ಒಳಗೆ ಬಂದವನು ಆ ಕ್ಷಣವೇ ಅಪರಾಧಿಯಾದನೇ? ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 329ನೆಯ ಕಲಮಿನಲ್ಲಿ ಅಕ್ರಮ ಪ್ರವೇಶ ಅಪರಾಧವಾಗಬೇಕಾದರೆ, ಅಪರಾಧ ಮಾಡುವ ಅಥವಾ ಸ್ವತ್ತಿನ ಸ್ವಾಧೀನದಲ್ಲಿರುವವರನ್ನು ಬೆದರಿಸುವ, ಅವಮಾನಿಸುವ, ಕಿರುಕುಳಪಡಿಸುವ ಉದ್ದೇಶ ಇರಬೇಕು. ಒಡೆಯನಿಗೆ ಕಿರುಕುಳವಾದೀತೆಂದು ತಿಳಿದಿದ್ದರಷ್ಟೇ ಸಾಲದು, ಅದೇ ಉದ್ದೇಶವಾಗಿರಬೇಕೆಂದು ಹಳೆಯ ದಂಡ ಸಂಹಿತೆಯಡಿ ಸುಪ್ರೀಂ ಕೋರ್ಟು 1964ರ ಮಥ್ರಿ ಪ್ರಕರಣದಲ್ಲೇ ಹೇಳಿತ್ತು. ಉಡುಗೊರೆಯ ಪೊಟ್ಟಣ ಹಿಡಿದು, ಫಲಕದತ್ತ ಕಣ್ಣು ಹಾಯಿಸದೆ ಬಂದ ಸೋದರಮಾವನಲ್ಲಿ ಅಂಥ ಉದ್ದೇಶ ಎಲ್ಲಿಂದ ಬರಬೇಕು? ಆದರೆ ಅದೇ ಕಲಮು, ಸರಿಯಾಗಿ ಒಳಬಂದವನೂ ಅಂಥ ಉದ್ದೇಶದಿಂದ ಅಕ್ರಮವಾಗಿ ಅಲ್ಲಿಯೇ ಉಳಿದರೆ ಅಪರಾಧವೆನ್ನುತ್ತದೆ. ಮಂಟಪದವರು ಹತ್ತಿರ ಹೋಗಿ ‘ಅಣ್ಣಾ, ಇದನ್ನು ಇಟ್ಟುಕೊಂಡು ಇಲ್ಲಿ ಇರುವಂತಿಲ್ಲ’ ಎಂದ ಮೇಲೂ, ಒರೆಯ ಮೇಲೆ ಕೈಯಿಟ್ಟು ‘ಏನು ಮಾಡ್ತೀರಿ?’ ಎಂದು ನಿಂತರೆ ಚಿತ್ರವೇ ಬದಲಾಗುತ್ತದೆ. ಆಗ ಫಲಕ ಸಾಕ್ಷಿಯಾಗುತ್ತದೆ: ಈ ಮಾತು ಈತನೊಬ್ಬನನ್ನು ಕಂಡು ಹುಟ್ಟಿದ್ದಲ್ಲ, ಎಲ್ಲರಿಗೂ ಮೊದಲೇ ಹೇಳಿದ್ದು ಎಂದು.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಈ ಸಾಕ್ಷಿಯನ್ನೇ ಕಾನೂನು ಅಳತೆಗೋಲಿಟ್ಟು ರೂಪಿಸಿದೆ. ಮಕ್ಕಳ ಮನೆಗೆಂದು ಡಲ್ಲಾಸ್‌ಗೋ ಹ್ಯೂಸ್ಟನ್‌ಗೋ ಹೋಗಿಬಂದ ಅಜ್ಜ-ಅಜ್ಜಿಯರು ಅಂಗಡಿ, ಆಸ್ಪತ್ರೆಗಳ ಬಾಗಿಲಲ್ಲಿ ‘30.06’ ಎಂಬ ಅಂಕಿಯ ಉದ್ದನೆಯ ಬರಹವನ್ನು ನೋಡಿರಬಹುದು. ಅದು ಅಲ್ಲಿಯ ದಂಡ ಸಂಹಿತೆಯ ಕಲಮಿನ ಸಂಖ್ಯೆ. ಮರೆಮಾಡಿದ ಪಿಸ್ತೂಲನ್ನು ತಡೆಯುವ ಫಲಕದಲ್ಲಿ ಕಾನೂನೇ ಗೊತ್ತುಮಾಡಿದ ವಾಕ್ಯವಿರಬೇಕು. ಅಕ್ಷರಗಳು ಒಂದು ಅಂಗುಲಕ್ಕಿಂತ ಚಿಕ್ಕದಿರಕೂಡದು. ಹಿನ್ನೆಲೆಗೆ ಎದ್ದು ಕಾಣುವ ಬಣ್ಣವಿರಬೇಕು. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು. ಹಾಗಿದ್ದ ಫಲಕವನ್ನು ಮೀರಿದರೆ 200 ಡಾಲರಿನವರೆಗೆ ದಂಡ. ಬಾಯಿಬಿಟ್ಟು ಹೇಳಿದ ಮೇಲೂ ಹೊರಡದಿದ್ದರೆ ಅಪರಾಧದ ದರ್ಜೆಯೇ ಏರುತ್ತದೆ. ಅಕ್ಕಪಕ್ಕದ ಬೇರೆ ಕೆಲವು ರಾಜ್ಯಗಳಲ್ಲಿ ಫಲಕಕ್ಕೆ ಇಷ್ಟು ಬಲವಿಲ್ಲ, ಹೊರಡೆಂದರೂ ಹೊರಡದಿದ್ದಾಗಲೇ ಅಪರಾಧ. ಹವಾಯಿ 2023ರಲ್ಲಿ ಇದನ್ನೇ ತಿರುಗಿಸಿ, ಒಡೆಯನು ‘ತರಬಹುದು’ ಎಂದು ಹೇಳದ ಹೊರತು ಖಾಸಗಿ ಸ್ಥಳಕ್ಕೆ ತರುವಂತಿಲ್ಲವೆಂದು ಕಾನೂನು ಮಾಡಿತು. ಆ ವ್ಯಾಜ್ಯ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಟೆಕ್ಸಾಸಿನ ಬಂದೂಕಿನ ಹುಚ್ಚು ನಮಗೆ ಬೇಡ. ಆದರೆ ಎರಡು ಭಾಷೆಯ ಆ ನಿಯಮವನ್ನು ಭಾಷಾ ಅಲ್ಪಸಂಖ್ಯಾತರು ಗಮನಿಸದೆ ಬಿಡುವಂತಿಲ್ಲ. ಓದಲಾಗದವನಿಗೆ ಕೊಟ್ಟ ಎಚ್ಚರಿಕೆ ಎಚ್ಚರಿಕೆಯೇ ಅಲ್ಲವೆಂಬ ಸಾದಾ ವಿವೇಕ ಅದರಲ್ಲಿದೆ. ಉಕ್ಕಡಂನಲ್ಲಿ ಒಂದೇ ಬೀದಿಯಲ್ಲಿ ತಮಿಳು, ಮಲಯಾಳ, ಉರ್ದು, ತೆಲುಗು ಕಿವಿಗೆ ಬೀಳುತ್ತವೆ. ಕೊಯಮತ್ತೂರಿನ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮಾತು. ತಾಳವಾಡಿಯ ಬೆಟ್ಟದಿಂದ ಮದುವೆಗೆ ಬಸ್ಸಿಳಿಯುವ ಮುದುಕರಿಗೆ ತಮಿಳು ಮಾತು ಬಂದೀತು, ಅಕ್ಷರ ಬಾರದಿರಬಹುದು. ಇಂಗ್ಲಿಷಿನಲ್ಲಷ್ಟೇ ಬರೆದ ಹಿತ್ತಾಳೆಯ ಫಲಕ ನೋಡಲು ಚೆಂದ. ‘ನನಗೆ ಓದಲು ಬರಲಿಲ್ಲ’ ಎಂಬ ಪ್ರಾಮಾಣಿಕ ಉತ್ತರದ ಮುಂದೆ ಅದು ಸಾಕ್ಷಿಯಾಗಿ ನಿಲ್ಲದು. ತಮಿಳು, ಇಂಗ್ಲಿಷ್, ಬರುವ ನೆಂಟರ ಭಾಷೆ, ಜೊತೆಗೆ ಅಡ್ಡಗೆರೆ ಎಳೆದ ಪಿಸ್ತೂಲಿನ ಚಿತ್ರ, ಇಷ್ಟಕ್ಕೆ ಹೆಚ್ಚು ಖರ್ಚಾಗದು.

ಫಲಕದ ವಾಕ್ಯದಲ್ಲಿ ಒಂದು ದೊಡ್ಡ ಹಳ್ಳವೂ ಇದೆ. 2022ರ ಡಿಸೆಂಬರಿನಲ್ಲಿ ಮದರಾಸು ಹೈಕೋರ್ಟಿನ ಮದುರೆ ಪೀಠ ತಿರುಚೆಂದೂರಿನ ಪ್ರಕರಣದಲ್ಲಿ ದೇವಾಲಯಗಳೊಳಗೆ ಮೊಬೈಲನ್ನು ನಿಷೇಧಿಸಿದಾಗ, ಬಾಗಿಲಲ್ಲಿ ಅವನ್ನು ಕಾಯ್ದಿಡುವ ವ್ಯವಸ್ಥೆಯಾಗಬೇಕೆಂದಿತು. ಅದನ್ನು ನೋಡಿ ಕಲಿತವರು ‘ಆಯುಧಗಳನ್ನು ಇಲ್ಲಿ ಒಪ್ಪಿಸಿ ಟೋಕನ್ ಪಡೆಯಿರಿ’ ಎಂದು ಬರೆದರೆ ಅದು ಅನಾಹುತ. ಪರವಾನಗಿ ಇರುವುದು ಪಿಸ್ತೂಲಿನೊಡೆಯನ ಹೆಸರಿಗೆ. ಮೇಜಿನ ಡ್ರಾಯರಿನಲ್ಲಿ ಅದನ್ನಿಟ್ಟು ಬೀಗ ಹಾಕಿಕೊಂಡ ಮಂಟಪದ ಗುಮಾಸ್ತ, ಪರವಾನಗಿಯಿಲ್ಲದೆ ಬಂದೂಕು ಇರಿಸಿಕೊಂಡನೆಂಬ ಆರೋಪಕ್ಕೆ ತಾನೇ ಕೊರಳೊಡ್ಡುತ್ತಾನೆ, ಕೊಟ್ಟವನೂ ತಪ್ಪಿಸಿಕೊಳ್ಳಲಾರ. ಆಯುಧವನ್ನು ಠೇವಣಿಯಿಡಲು ಕಾಯಿದೆಯ 21ನೆಯ ಕಲಮು ಹೆಸರಿಸುವುದು ಮುಖ್ಯವಾಗಿ ಪೊಲೀಸ್ ಠಾಣೆಯನ್ನೂ ಪರವಾನಗಿಯುಳ್ಳ ವ್ಯಾಪಾರಿಯನ್ನೂ. ಚುನಾವಣೆ ಬಂದಾಗ ಬಂದೂಕುದಾರರು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದನ್ನು ಎಲ್ಲರೂ ಕಂಡಿದ್ದಾರೆ. ಫಲಕ ‘ತರಬೇಡಿ’ ಎಂದಷ್ಟೇ ಹೇಳಬೇಕು. ತಂದವರು ಹಿಂದಿರುಗಬೇಕು.

ಬಾಗಿಲಲ್ಲಿ ನಿಂತ ಖಾಸಗಿ ಕಾವಲುಗಾರನಿಗೆ ಪೊಲೀಸರ ಅಧಿಕಾರವಿಲ್ಲ. ಕೇಳಬಹುದು, ಒಪ್ಪಿದರೆ ತಪಾಸಣೆ ಮಾಡಬಹುದು, ಒಪ್ಪದಿದ್ದರೆ ಒಳಗೆ ಬಿಡದಿರಬಹುದು. ಮೈಮೇಲೆ ಬಲವಂತದಿಂದ ಕೈಹಾಕುವಂತಿಲ್ಲ, ಪಿಸ್ತೂಲನ್ನು ಕಸಿಯುವಂತಿಲ್ಲ. ಕಣ್ಣೆದುರೇ ಜಾಮೀನಿಲ್ಲದ ಸಂಜ್ಞೇಯ ಅಪರಾಧ ನಡೆದರೆ ಮಾತ್ರ ಯಾವ ನಾಗರಿಕನಾದರೂ ಹಿಡಿಯಬಹುದು. ಹಿಡಿದ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮು. ಇಂಥ ಸ್ಥಿತಿ ಬಂದರೆ ಶೌರ್ಯಕ್ಕಿಂತ 100 ಅಥವಾ 112ಕ್ಕೆ ಫೋನು ಮಾಡುವುದೇ ಲೇಸು.

ಉಕ್ಕಡಂನಲ್ಲಿ ತಪಾಸಣೆ ಎಂಬ ಮಾತಿಗೆ ಬೇರೊಂದು ಭಾರವಿದೆ. 1998ರ ಫೆಬ್ರವರಿ 14ರ ಸರಣಿ ಸ್ಫೋಟಗಳಲ್ಲಿ 58 ಜನ ಸತ್ತ ಊರು ಇದು. 2022ರ ಅಕ್ಟೋಬರ್ 23ರಂದು ಕೋಟೈ ಈಶ್ವರನ್ ದೇವಾಲಯದ ಮುಂದೆ ಕಾರು ಸ್ಫೋಟಿಸಿದಾಗ ಆ ನೆನಪು ಮತ್ತೆ ಹಸಿಯಾಯಿತು. ಅಂಥ ದಿನಗಳ ನಂತರ ಇಲ್ಲಿಯ ಜನ ಚೀಲ ಬಿಚ್ಚಿ ತೋರಿಸುವುದನ್ನು ಕಲಿತಿದ್ದಾರೆ. ಯಾರ ಚೀಲವನ್ನು ಮಾತ್ರ ಬಿಚ್ಚಿಸಲಾಗುತ್ತದೆ ಎಂಬುದನ್ನೂ ಕಂಡಿದ್ದಾರೆ. ಒಡೆಯನ ಹಕ್ಕು ಎಷ್ಟೇ ದೊಡ್ಡದಾದರೂ ಅದಕ್ಕೊಂದು ಗಡಿಯಿದೆ. ಅಂಗಡಿ, ಹೋಟೆಲು, ಮನರಂಜನೆಯ ಸ್ಥಳಗಳ ಬಾಗಿಲಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ತಡೆಯಕೂಡದೆಂದು ಸಂವಿಧಾನದ 15(2)ನೆಯ ವಿಧಿ ಖಾಸಗಿಯವರನ್ನೂ ಕಟ್ಟುತ್ತದೆ. ಆಯುಧದ ಫಲಕವನ್ನು ನೆಪವಾಗಿಟ್ಟುಕೊಂಡು ಟೋಪಿ, ಗಡ್ಡ, ಬುರ್ಖಾ ಕಂಡಾಗ ಮಾತ್ರ ಲೋಹಶೋಧಕವನ್ನು ಎತ್ತಿದರೆ, ಸರಿಯಾಗಿದ್ದ ಫಲಕವೇ ತಪ್ಪಿನ ಕೈಗೋಲಾಗುತ್ತದೆ. ಕಾರಿನಲ್ಲಿ ಬಂದಿಳಿದ ಗಣ್ಯರ ಮುಂದೆಯೂ ಅದೇ ಉಪಕರಣ ಅದೇ ಸದ್ದು ಮಾಡಬೇಕು. ಅಂಕಿಸಂಖ್ಯೆ ಬೇಕಿಲ್ಲ, ಪರವಾನಗಿಯ ಪಿಸ್ತೂಲು ಯಾರ ಬಳಿ ಇರುವ ಸಂಭವ ಹೆಚ್ಚೆಂದು ಊರಿಗೇ ಗೊತ್ತು.

ಫಲಕದಲ್ಲಿ ‘ಬಂದೂಕು, ಪಿಸ್ತೂಲು, ಗುಂಡುಗಳು’ ಎಂದು ಬಿಡಿಸಿ ಬರೆಯುವುದು ಲೇಸು. ‘ಆಯುಧ’ ಎಂದಷ್ಟೇ ಬರೆದರೆ ಉಕ್ಕಡಂ ಮೀನು ಮಾರುಕಟ್ಟೆಯಿಂದ ಕೆಲಸ ಮುಗಿಸಿ, ಕತ್ತಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಊಟಕ್ಕೆ ಬಂದವನೊಡನೆ ಜಗಳವಾದೀತು. ಮನೆಯ, ಹೊಲದ, ಕಸುಬಿನ ಉಪಕರಣಗಳನ್ನು ಕಾನೂನು ಬೇರೆಯಾಗಿಯೇ ನೋಡುತ್ತದೆ. ದೀಪಾವಳಿಯ ಆಟಿಕೆ ಪಿಸ್ತೂಲನ್ನೂ ಅದು ಆಯುಧದ ಪಟ್ಟಿಯಿಂದ ಹೊರಗಿಟ್ಟಿದೆ. ಮದುವೆಗೆ ಅದನ್ನು ತಂದ ಹುಡುಗನನ್ನು ಏನು ಮಾಡಬೇಕೆಂಬುದನ್ನು ಅವನ ತಾಯಿಗೇ ಬಿಡಬಹುದು.

ಇನ್ನು ಫಲಕವನ್ನು ಎಲ್ಲಿ ಹೊಡೆಯಬೇಕು ಎಂಬುದು. ಬಾಗಿಲ ಬಲಕಂಬಕ್ಕೆ, ಕಣ್ಣಿನ ಎತ್ತರಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ಮುಹೂರ್ತದ ಹಿಂದಿನ ಸಂಜೆ ಬಾಳೆಗೊನೆಯ ಕಂಬ ಕಟ್ಟುವವರು ಬರುತ್ತಾರೆ, ಅವರ ಹಿಂದೆ ವಧೂವರರ ಆಳೆತ್ತರದ ಫ್ಲೆಕ್ಸ್ ಬರುತ್ತದೆ, ಎರಡೂ ಅದೇ ಕಂಬವನ್ನು ಹುಡುಕುತ್ತವೆ. ಮರುದಿನ ನೆಂಟರು ಒಳಬರುವಾಗ ಒರೆಯೊಳಗಿನ ಪಿಸ್ತೂಲಿನಂತೆಯೇ ಫಲಕವೂ ಪೂರ್ಣವಾಗಿ ಮುಚ್ಚಿರುತ್ತದೆ. ಮಂಟಪದವರು ಬಾಡಿಗೆಯ ಕರಾರಿನಲ್ಲಿಯೂ ಒಂದು ಸಾಲು ಸೇರಿಸಿ, ಆಮಂತ್ರಣ ಪತ್ರದ ಕೆಳಗೆ ‘ಉಡುಗೊರೆ ಬೇಡ’ ಎಂದು ಅಚ್ಚು ಹಾಕಿಸುವ ಜಾಗದಲ್ಲಿ ಇದನ್ನೂ ಅಚ್ಚು ಹಾಕಿಸುವಂತೆ ಕೇಳಿಕೊಂಡರೆ, ಆ ಪತ್ರ ಮನೆಯಲ್ಲೇ ಕೈಸೇರುತ್ತದೆ, ಪಿಸ್ತೂಲು ಇನ್ನೂ ಬೀರುವಿನಲ್ಲಿರುವಾಗ.